ಲೀಹೈಯಲ್ಲಿ ಬಾಗಿಲು ತಟ್ಟುವ ಹುಡುಗರ ಬಗ್ಗೆ

ನಮಸ್ಕಾರ. ಅಮೆರಿಕದ ಯೂಟಾ ರಾಜ್ಯದ ಲೀಹೈಗೆ ಬಂದು ತಿಂಗಳಾಯಿತು, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡ ಇಬ್ಬರು ಹುಡುಗರು ಎರಡು ಸಲ ಬಂದಿದ್ದರು ಅಂತ ಬರೆದಿದ್ದೀರಿ. ಮನೆಯಲ್ಲಿ ನಿಮ್ಮ ಹೆಂಡತಿ ಒಬ್ಬರೇ ಇದ್ದರು, ಒಳಗೆ ಬನ್ನಿ, ಕಾಫಿ ಕುಡಿಯಿರಿ ಅಂದರೂ ಅವರು ಹೊಸಿಲು ದಾಟಲಿಲ್ಲ. ಇವರು ಯಾರು, ದಿನವೆಲ್ಲ ಏನು ಮಾಡುತ್ತಾರೆ, ಊಟಕ್ಕೆ ಕರೆದರೆ ತಪ್ಪಾಗುತ್ತದೆಯೇ, ಮಕ್ಕಳನ್ನು ಮತಾಂತರ ಮಾಡಿಬಿಡುತ್ತಾರೆಯೇ ಅಂತ ನಿಮ್ಮ ಪ್ರಶ್ನೆ. ಯೂಟಾಕ್ಕೆ ಬರುವ ನಮ್ಮವರಿಗೆಲ್ಲ ಮೊದಲ ತಿಂಗಳಲ್ಲೇ ಎದುರಾಗುವ ವಿಷಯ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅವರು ಒಳಗೆ ಬರದೆ ಇದ್ದದ್ದು ನಿಯಮದಿಂದ. ಹುಡುಗರ ಜೋಡಿಯಾದರೆ, ಮನೆಯಲ್ಲಿ ಇನ್ನೊಬ್ಬ ವಯಸ್ಕ ಗಂಡಸು ಇಲ್ಲದಿದ್ದಾಗ ಒಂಟಿ ಹೆಂಗಸಿರುವ ಮನೆಯೊಳಗೆ ಕೂರುವಂತಿಲ್ಲ. ಹುಡುಗಿಯರ ಜೋಡಿಗೂ ಇದೇ ನಿಯಮ, ತಿರುವುಮುರುವಾಗಿ. ಮನೆಯಲ್ಲಿ ಮಕ್ಕಳಷ್ಟೇ ಇದ್ದರಂತೂ ಬಾಗಿಲಿನಿಂದಲೇ ವಾಪಸು. ಹಾಗಾಗಿ ನಿಮ್ಮ ಹೆಂಡತಿ ಬೇಸರ ಮಾಡಿಕೊಳ್ಳುವುದು ಬೇಡ. ನೀವು ಮನೆಯಲ್ಲಿರುವ ಹೊತ್ತು ಹೇಳಿದರೆ ಆಗ ಬರುತ್ತಾರೆ. ಕಾಫಿಯ ವಿಷಯ ಮುಂದೆ ಹೇಳುತ್ತೇನೆ.

ಇವರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್‌ನ ಮಿಷನರಿಗಳು. ಜನ ಮಾರ್ಮನ್ ಅನ್ನುತ್ತಾರೆ. ಆದರೆ 2018ರಿಂದ ಚರ್ಚಿನ ಹಿರಿಯರೇ ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರು ಬಳಸಿ ಅಂತ ಕೇಳಿಕೊಂಡಿದ್ದಾರೆ. ಆಫೀಸಿನಲ್ಲಿ ಮಾತಾಡುವಾಗ ಇದು ನೆನಪಿರಲಿ. ಹುಡುಗರನ್ನು ಎಲ್ಡರ್, ಹುಡುಗಿಯರನ್ನು ಸಿಸ್ಟರ್ ಅಂತ ಮನೆತನದ ಹೆಸರಿಗೆ ಸೇರಿಸಿ ಕರೆಯುತ್ತಾರೆ. ಸೇವೆ ಮುಗಿಯುವವರೆಗೆ ಮೊದಲ ಹೆಸರು ಬಳಕೆಯಲ್ಲಿ ಇರುವುದಿಲ್ಲ, ಅದನ್ನು ಕೇಳುತ್ತ ಕೂರಬೇಡಿ. ಎಲ್ಡರ್ ಅಂದಮಾತ್ರಕ್ಕೆ ಹಿರಿಯರು ಅಂದುಕೊಳ್ಳಬೇಡಿ. 2012ರಲ್ಲಿ ಹುಡುಗರಿಗೆ ಕನಿಷ್ಠ ವಯಸ್ಸು 19ರಿಂದ 18ಕ್ಕೆ ಇಳಿಯಿತು, ಹೈಸ್ಕೂಲು ಮುಗಿಸಿದ ಬೆನ್ನಲ್ಲೇ ಹೊರಟವರು ಇವರಲ್ಲಿ ತುಂಬ ಜನ. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಎಲ್ಲಿಗೆ ಹೋಗಬೇಕೆಂದು ಆರಿಸಿಕೊಳ್ಳುವ ಹಕ್ಕು ಅವರಿಗಿಲ್ಲ. ಸಾಲ್ಟ್ ಲೇಕ್ ಸಿಟಿಯ ಕೇಂದ್ರ ಕಚೇರಿಯಿಂದ ಆದೇಶ ಬರುತ್ತದೆ, ಅಲ್ಲಿಗೆ ಹೋಗಬೇಕು. ಸಂಬಳ ಇಲ್ಲ. ಇಲ್ಲಿನ ಹುಡುಗ ಹೊರಟರೆ ಅವನೋ ಅವನ ಮನೆಯವರೋ ತಿಂಗಳಿಗೆ ಕಟ್ಟುವ ಹಣ 2020ರ ಜುಲೈಯಲ್ಲಿ 400ರಿಂದ 500 ಡಾಲರಿಗೆ ಏರಿತು. ಆ ದುಡ್ಡು ಒಟ್ಟು ನಿಧಿಗೆ ಸೇರುವುದರಿಂದ ದುಬಾರಿ ಊರಿಗೆ ಹೋದವನಿಗೂ ಅಗ್ಗದ ಊರಿಗೆ ಹೋದವನಿಗೂ ಹೊರೆ ಒಂದೇ.

ಅವರ ದಿನಚರಿ ಗೊತ್ತಿದ್ದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ಬೆಳಿಗ್ಗೆ ಆರೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಆಮೇಲೆ ಒಬ್ಬೊಬ್ಬರೇ ಓದು, ಜೊತೆಗಾರನ ಜೊತೆ ಓದು. ಹತ್ತು ಗಂಟೆ ಹೊತ್ತಿಗೆ ಬೀದಿಗೆ. ರಾತ್ರಿ ಒಂಬತ್ತಕ್ಕೆ ಕೋಣೆ ಸೇರಬೇಕು, ಯಾರಿಗಾದರೂ ತಮ್ಮ ಧರ್ಮದ ಪಾಠ ಹೇಳುತ್ತಿದ್ದರೆ ಒಂಬತ್ತೂವರೆ, ಹತ್ತೂವರೆಗೆ ದೀಪ ಆರಿಸಬೇಕು. 2017ರಿಂದ ಊರಿಗೆ ತಕ್ಕಂತೆ ಸ್ವಲ್ಪ ಹಿಂದೆಮುಂದೆ ಮಾಡಿಕೊಳ್ಳಲು ಬಿಟ್ಟಿದ್ದಾರೆ, ಆದರೆ ಚೌಕಟ್ಟು ಇದೇ. ಸದಾ ಇಬ್ಬರೂ ಒಬ್ಬರಿಗೊಬ್ಬರು ಕಾಣುವಷ್ಟು, ಕೇಳಿಸುವಷ್ಟು ಹತ್ತಿರ ಇರಬೇಕು. ಒಬ್ಬನನ್ನು ಅಡುಗೆಮನೆಗೆ ಸಹಾಯಕ್ಕೆ ಕರೆದು ಇನ್ನೊಬ್ಬನನ್ನು ಮಹಡಿ ಮೇಲೆ ಕಂಪ್ಯೂಟರ್ ನೋಡಲು ಕಳಿಸಿದರೆ ಇಬ್ಬರೂ ಇಕ್ಕಟ್ಟಿಗೆ ಸಿಲುಕುತ್ತಾರೆ. ಕೈಯಲ್ಲಿ ಫೋನು ಇರುತ್ತದೆ, ಪಾಠಕ್ಕೆ ಬೇಕಾದ ಆಪ್‌ಗಳಷ್ಟೇ ಅದರಲ್ಲಿ ನಡೆಯುತ್ತವೆ. ನೀವು ಕ್ರಿಕೆಟ್ ಹಾಕಿ ಕೂತಿದ್ದರೆ ಅವರ ಎದುರು ಟಿವಿ ಆರಿಸಿಬಿಡಿ. ಸಿನಿಮಾ, ಧಾರಾವಾಹಿ ಅವರಿಗೆ ಸಲ್ಲದು.

ವಾರದಲ್ಲಿ ಒಂದು ದಿನ ಅವರ ಸ್ವಂತ ಕೆಲಸಕ್ಕೆ, ಸಾಮಾನ್ಯವಾಗಿ ಸೋಮವಾರ. ಪಿ-ಡೇ, ಅಂದರೆ ಪ್ರಿಪರೇಶನ್ ಡೇ ಅನ್ನುತ್ತಾರೆ. ಬಟ್ಟೆ ಒಗೆಯುವುದು, ದಿನಸಿ ತರುವುದು, ಕೋಣೆ ಗುಡಿಸುವುದು, ಕೂದಲು ಕತ್ತರಿಸಿಕೊಳ್ಳುವುದು, ಮನೆಗೆ ಪತ್ರ ಬರೆಯುವುದು ಎಲ್ಲ ಅವತ್ತೇ. 2019ರ ಫೆಬ್ರವರಿವರೆಗೆ ಮನೆಗೆ ಫೋನು ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತು: ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ ಅಪ್ಪ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡಬಹುದು. ಹಾಗಾಗಿ ಸೋಮವಾರ ಹಗಲು ಅವರನ್ನು ಯಾವ ಕೆಲಸಕ್ಕೂ ಕರೆಯಬೇಡಿ. ದೂರದ ಊರಿನ ಮಗುವಿಗೆ ಮನೆಯವರ ಮುಖ ಕಾಣುವ ಹೊತ್ತು ಅದು. ಆ ಸಂಜೆ ಆರರ ಮೇಲೆ ಮತ್ತೆ ಕೆಲಸ ಶುರು. ಉಳಿದಂತೆ ವಾರಕ್ಕೊಂದು ಸಲ ಹತ್ತಿರದ ನಾಲ್ಕಾರು ಮಿಷನರಿಗಳ ಸಭೆ, ಒಂದು ದಿನ ಮುಂದಿನ ವಾರದ ಯೋಜನೆ, ಭಾನುವಾರ ಚರ್ಚು. ಚರ್ಚಿನ ಅವಧಿ 2019ರಿಂದ ಮೂರು ಗಂಟೆಯ ಬದಲು ಎರಡು ಗಂಟೆ.

ಯೋಜನೆಯ ವಿಷಯವನ್ನೇ ನಮ್ಮವರು ಸರಿಯಾಗಿ ತಿಳಿದುಕೊಳ್ಳಬೇಕು. ಎಷ್ಟು ಹೊಸಬರಿಗೆ ಪಾಠ ಶುರುವಾಯಿತು, ಎಷ್ಟು ಜನ ಭಾನುವಾರದ ಸಭೆಗೆ ಬಂದರು, ಎಷ್ಟು ಜನ ದೀಕ್ಷಾಸ್ನಾನಕ್ಕೆ ತಾರೀಕು ಒಪ್ಪಿದರು ಅನ್ನುವ ಲೆಕ್ಕವನ್ನು ಅವರು ಪ್ರತಿ ವಾರ ಇಡುತ್ತಾರೆ. ನಿಮ್ಮ ವಿಳಾಸ, ಹೆಸರು, ಏನು ಮಾತಾಡಿದಿರಿ, ಮತ್ತೆ ಯಾವಾಗ ಬರಬೇಕು ಎಲ್ಲ ಅವರ ಫೋನಿನ ಒಂದು ಆಪ್‌ನಲ್ಲಿ ದಾಖಲಾಗುತ್ತದೆ. ನಾವು ದಾಕ್ಷಿಣ್ಯಕ್ಕೆ ಬಿದ್ದು ಪುಸ್ತಕ ತೆಗೆದುಕೊಳ್ಳುತ್ತೇವೆ, ಮುಂದಿನ ವಾರ ಬನ್ನಿ ಅನ್ನುತ್ತೇವೆ, ಏಸುವೂ ದೇವರೇ ಅಂತ ಮನಸಾರೆ ಹೇಳುತ್ತೇವೆ. ನಮ್ಮ ಪಾಲಿಗೆ ಅದು ಸೌಜನ್ಯ. ಅವರ ದಾಖಲೆಯಲ್ಲಿ ಅದು ಆಸಕ್ತಿ. ಮೂರನೇ ಭೇಟಿಗೆ ದೀಕ್ಷೆಯ ತಾರೀಕಿನ ಮಾತು ಬರುತ್ತದೆ, ಆಗ ನಾವು ಗಾಬರಿಯಾಗಿ ಪರದೆ ಎಳೆದುಕೊಂಡು ಒಳಗೆ ಕೂರುತ್ತೇವೆ. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದ ಹುಡುಗ ಬಾಗಿಲಲ್ಲಿ ಕಾಯುತ್ತಾನೆ. ಅವನು ಮೋಸ ಮಾಡಲಿಲ್ಲ, ನಾವೂ ಮಾಡಲಿಲ್ಲ, ಆದರೂ ಇಬ್ಬರಿಗೂ ನೋವು. ಇದನ್ನು ಮೊದಲ ದಿನವೇ ತಪ್ಪಿಸಬಹುದು.

ಆಸಕ್ತಿ ಇಲ್ಲದಿದ್ದರೆ ನೇರವಾಗಿ, ನಗುಮುಖದಿಂದ ಹೇಳಿ: "ನಾವು ಹಿಂದೂಗಳು, ನಮ್ಮ ಧರ್ಮದಲ್ಲಿ ತೃಪ್ತರಾಗಿದ್ದೇವೆ, ಪಾಠ ಬೇಡ, ದಯವಿಟ್ಟು ಹಾಗೆಂದು ಗುರುತು ಹಾಕಿಕೊಳ್ಳಿ." ಕೊನೆಯ ಮಾತು ಮುಖ್ಯ. ಯಾಕೆಂದರೆ ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಸುತ್ತು ಬರುತ್ತದೆ, ಇವರು ಹೋಗಿ ಬೇರೆಯವರು ಬರಬಹುದು. ಗುರುತು ಇಲ್ಲದಿದ್ದರೆ ಹೊಸಬರು ಮೊದಲಿನಿಂದ ಶುರು ಮಾಡುತ್ತಾರೆ. ವಾದಕ್ಕೆ ಇಳಿಯಬೇಡಿ, ಇತಿಹಾಸ ಕೆದಕಿ ಹದಿನೆಂಟರ ಹುಡುಗನನ್ನು ಸೋಲಿಸುವುದರಲ್ಲಿ ಯಾವ ಹಿರಿಮೆಯೂ ಇಲ್ಲ. ಮನೆ ಮುಂದೆ "ನೋ ಸಾಲಿಸಿಟಿಂಗ್" ಫಲಕ ಹಾಕಿದ್ದೇವಲ್ಲ ಅನ್ನಬೇಡಿ. ಅದು ಮಾರಾಟಗಾರರಿಗೆ ಅಂತ ಭಾವಿಸುವವರೇ ಹೆಚ್ಚು. ಧರ್ಮದ ಮಾತಿಗೆ ಮನೆಮನೆಗೆ ಹೋಗುವವರಿಂದ ಊರಾಡಳಿತ ಮೊದಲೇ ಪರವಾನಗಿ ಕೇಳುವಂತಿಲ್ಲ ಅಂತ 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಬೇಡ ಎನ್ನುವ ಮನೆಯವರ ಹಕ್ಕು ಹಾಗೆಯೇ ಇದೆ, ಮಿಷನರಿಗಳು ಅದಕ್ಕೆ ಮರ್ಯಾದೆ ಕೊಡುತ್ತಾರೆ.

ಹಾಗೆಯೇ, ಬೇಸಿಗೆಯಲ್ಲಿ ಬಾಗಿಲು ತಟ್ಟುವವರೆಲ್ಲ ಮಿಷನರಿಗಳಲ್ಲ. ಸೋಲಾರ್, ಕೀಟನಾಶಕ, ಕಳ್ಳರ ಅಲಾರಂ ಮಾರುವ ಹುಡುಗರು ಯೂಟಾದಲ್ಲಿ ಬಹಳ. ಮಿಷನ್ ಮುಗಿಸಿ ಬಂದವರು ಮಾತಿನಲ್ಲಿ ಪಳಗಿರುವುದರಿಂದ ಆ ಕಂಪನಿಗಳು ಅವರನ್ನು ಹುಡುಕಿ ಸೇರಿಸಿಕೊಳ್ಳುತ್ತವೆ. ಗುರುತು ಸುಲಭ: ಮಿಷನರಿಯ ಎದೆಯ ಮೇಲೆ ಚರ್ಚಿನ ಹೆಸರಿರುವ ಕಪ್ಪು ಪಟ್ಟಿ, ಮಾರಾಟಗಾರನ ಕೈಯಲ್ಲಿ ಟ್ಯಾಬ್ಲೆಟ್. ಮಿಷನರಿ ಯಾವ ಕಾಗದಕ್ಕೂ ಸಹಿ ಕೇಳುವುದಿಲ್ಲ. ಮಾರಾಟಗಾರನಿಗೆ ಮನೆಯಲ್ಲೇ ಸಹಿ ಹಾಕಿಕೊಟ್ಟುಬಿಟ್ಟಿದ್ದರೆ, 25 ಡಾಲರ್ ಮೀರಿದ ಬಹುತೇಕ ಒಪ್ಪಂದಗಳನ್ನು ಮೂರನೇ ಕೆಲಸದ ದಿನದ ನಡುರಾತ್ರಿಯೊಳಗೆ ಬರಹದಲ್ಲಿ ರದ್ದು ಮಾಡಬಹುದು.

ಈಗ ಊಟದ ವಿಷಯ. ಪಾಠ ಬೇಡವೆಂದ ಮೇಲೂ ಊಟಕ್ಕೆ ಧಾರಾಳವಾಗಿ ಕರೆಯಬಹುದು, ನನ್ನ ಅಭಿಪ್ರಾಯದಲ್ಲಿ ಕರೆಯಲೇಬೇಕು. ಮಿಷನರಿಗಳಿಗೆ ಸಂಜೆಯ ಊಟ ಹಾಕಲು ಆ ವಾರ್ಡಿನವರು ದಿನ ಹಂಚಿಕೊಂಡು ಹೆಸರು ಬರೆಯುತ್ತಾರೆ. ವಾರ್ಡ್ ಅಂದರೆ ನಿಮ್ಮ ಸುತ್ತಲ ಕೆಲವು ಬೀದಿಗಳ ಸಭೆ. ಪಕ್ಕದ ಮನೆಯವರನ್ನು ಕೇಳಿದರೆ ಖಾಲಿ ದಿನ ಹೇಳುತ್ತಾರೆ. ಹೊತ್ತು ಸಂಜೆ ಐದರಿಂದ ಆರು. ನಮ್ಮ ಎಂಟೂವರೆಯ ಊಟ ಅವರಿಗೆ ಆಗದು. ಒಂದು ಗಂಟೆಯೊಳಗೆ ಎಬ್ಬಿಸಿ ಕಳಿಸಿ. ತಿಂಗಳ ಮೊದಲ ಭಾನುವಾರ ಅವರಿಗೆ ಉಪವಾಸ, ಎರಡು ಹೊತ್ತಿನ ಊಟ ಬಿಡುತ್ತಾರೆ. ಅವತ್ತು ಮಧ್ಯಾಹ್ನಕ್ಕೆ ಕರೆಯಬೇಡಿ.

ಕಾಫಿ, ಟೀ ಎರಡೂ ನಿಷಿದ್ಧ. ಅವರ ಚರ್ಚಿನ 1833ರ ಕಟ್ಟಳೆ ಅದು. ಮದ್ಯ, ತಂಬಾಕು ಕೂಡ ಇಲ್ಲ. ಮಸಾಲೆ ಚಹಾದಲ್ಲಿ ಟೀ ಸೊಪ್ಪು ಇರುವುದರಿಂದ ಅದೂ ಆಗದು, ಗ್ರೀನ್ ಟೀಯೂ ಆಗದು. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿದ ನಮ್ಮ ಮಲೆನಾಡ ಕಷಾಯ ಹಾಲು ಬೆಲ್ಲ ಹಾಕಿ ಕೊಡಬಹುದು, ಅದರಲ್ಲಿ ಟೀ ಸೊಪ್ಪಿಲ್ಲ. ಬಾದಾಮಿ ಹಾಲು, ನಿಂಬೆ ಪಾನಕ, ಮಜ್ಜಿಗೆ, ರಾಗಿ ಮಾಲ್ಟ್ ಎಲ್ಲ ಸರಿ. ಏನು ಕುಡಿಯುತ್ತೀರಿ ಅಂತ ಕೇಳುವ ಬದಲು ಇವುಗಳಲ್ಲಿ ಒಂದನ್ನು ತಂದಿಟ್ಟರೆ ಬೇಡ ಅನ್ನುವ ಮುಜುಗರ ಅವರಿಗೆ ತಪ್ಪುತ್ತದೆ.

ಅಡುಗೆಗೆ ಮುಂಚೆ ಕಡಲೆಕಾಯಿ, ಗೋಡಂಬಿಯ ಅಲರ್ಜಿ ಇದೆಯೇ ಅಂತ ಸಂದೇಶ ಕಳಿಸಿ ಕೇಳಿ. ನಮ್ಮ ಒಗ್ಗರಣೆ, ಚಟ್ನಿ, ಪಾಯಸ ಎಲ್ಲದರಲ್ಲೂ ಇವು ಇರುತ್ತವೆ. ಖಾರ ನಾಲ್ಕರಲ್ಲೊಂದು ಪಾಲು ಸಾಕು. ದೋಸೆ, ಆಲೂಗಡ್ಡೆ ಪಲ್ಯ, ಚಪಾತಿ ಸಾಗು, ಕೇಸರಿಬಾತ್ ಚೆನ್ನಾಗಿ ಹೋಗುತ್ತವೆ. ಬಿಸಿಬೇಳೆಬಾತನ್ನು ಮೊದಲ ದಿನವೇ ಬೇಡ. ದಿನವಿಡೀ ನಡೆದವರು, ಬೆಳೆಯುವ ವಯಸ್ಸು, ಇಬ್ಬರಿಗೆ ನಾಲ್ವರ ಅಳತೆಯಲ್ಲಿ ಹಿಟ್ಟು ಕಲಸಿ. ಚಮಚ ಇಡಿ. ಉಣ್ಣುವ ಮುಂಚೆ ಪ್ರಾರ್ಥನೆ ಮಾಡಬಹುದೇ ಅಂತ ಕೇಳುತ್ತಾರೆ. ಅವರು ಮಾಡಲಿ, ನೀವೂ ನಿಮ್ಮ ಶ್ಲೋಕ ಹೇಳಿ. ದೇವರಿಗೆ ನೈವೇದ್ಯ ಮಾಡಿದ ತಿನಿಸಾದರೆ ಮೊದಲೇ ತಿಳಿಸಿ, ತಿನ್ನುವುದು ಬಿಡುವುದು ಅವರಿಗೆ ಬಿಟ್ಟದ್ದು. ಊಟದ ಕೊನೆಗೆ ಐದು ನಿಮಿಷ ಧರ್ಮದ ಮಾತು ಆಡುವುದು ವಾಡಿಕೆ. ಬೇಡವಾದರೆ ಕರೆಯುವಾಗಲೇ "ಊಟ ಮಾತ್ರ" ಅನ್ನಿ.

ಸಹಾಯ ಕೇಳುವುದಕ್ಕೂ ಸಂಕೋಚ ಬೇಡ. ವಾರದಲ್ಲಿ ಒಂದಷ್ಟು ಗಂಟೆ ಊರಿನವರ ಸೇವೆಗೆ ಅಂತಲೇ ಇಟ್ಟಿರುತ್ತಾರೆ. ಮನೆ ಬದಲಿಸುವಾಗ ಸೋಫಾ ಹೊರುವುದು, ಹಿಮ ಬಾಚುವುದು, ಅಂಗಳದ ಕಳೆ ಕೀಳುವುದು ಇವಕ್ಕೆ ಎರಡು ಮೂರು ದಿನ ಮುಂಚೆ ಸಂದೇಶ ಹಾಕಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ ಹೇಳಿ. ದುಡ್ಡು ಕೊಡಲು ಹೋಗಬೇಡಿ, ತೆಗೆದುಕೊಳ್ಳುವುದಿಲ್ಲ. ನೀರು, ತಿಂಡಿ ಕೊಡಿ. ಅವರ ಕಾರಿನಲ್ಲಿ ನಿಮ್ಮನ್ನು ಕೂರಿಸಿಕೊಳ್ಳುವಂತಿಲ್ಲ, ಹಾಗಾಗಿ ವಿಮಾನ ನಿಲ್ದಾಣಕ್ಕೆ ಬಿಡಿ ಅಂತ ಕೇಳಬೇಡಿ. ಮಕ್ಕಳನ್ನು ನೋಡಿಕೊಳ್ಳಿ ಅಂತಲೂ ಕೇಳಬಾರದು.

ಮತಾಂತರದ ಭಯಕ್ಕೆ ಉತ್ತರ. ದೀಕ್ಷಾಸ್ನಾನಕ್ಕೆ ಎಂಟು ವರ್ಷ ತುಂಬಿರಬೇಕು, ಅಪ್ರಾಪ್ತರಿಗೆ ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು, ಮದುವೆಯಾದವರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ ಬೇಕು. ಸರಣಿ ಪಾಠ, ಚರ್ಚಿನ ಹಾಜರಿ, ಪಾಠ ಹೇಳದ ಇನ್ನೊಬ್ಬರಿಂದ ಸಂದರ್ಶನ, ಆದಾಯದ ಹತ್ತನೇ ಒಂದು ಪಾಲು ಕೊಡುವ ಮಾತು ಇಷ್ಟೆಲ್ಲ ಇದೆ. ಗೊತ್ತಿಲ್ಲದೆ ಆಗಿಹೋಗುವ ಕೆಲಸವಲ್ಲ. ಅದಕ್ಕಿಂತ ನೀವು ಯೋಚಿಸಬೇಕಾದದ್ದು ಮಗಳ ಶಾಲೆಯ ಬಗ್ಗೆ. ಹೈಸ್ಕೂಲಿನಲ್ಲಿ ಒಂದು ಪಿರಿಯಡ್ ಪಕ್ಕದ ಕಟ್ಟಡಕ್ಕೆ ಹೋಗಿ ಸೆಮಿನರಿ ಅನ್ನುವ ಚರ್ಚಿನ ಧರ್ಮಪಾಠ ಕೇಳುವುದು ಇಲ್ಲಿ ಸಾಮಾನ್ಯ, ಗೆಳತಿಯರೆಲ್ಲ ಹೋದಾಗ ಉಳಿದವಳಿಗೆ ಒಂಟಿತನ ಕಾಡಬಹುದು. ಆ ಪಿರಿಯಡ್ಡಿಗೆ ಅವಳಿಗಿಷ್ಟವಾದ ಇನ್ನೊಂದು ವಿಷಯವನ್ನು ವೇಳಾಪಟ್ಟಿ ಮಾಡುವಾಗಲೇ ಹಾಕಿಸಿ. ಸೌತ್ ಜೋರ್ಡನ್‌ನ ಗಣೇಶ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದನ್ನು ರೂಢಿ ಮಾಡಿಕೊಳ್ಳಿ, ಅಲ್ಲಿ ಅವಳ ವಯಸ್ಸಿನ ನಮ್ಮ ಮಕ್ಕಳು ಸಿಗುತ್ತಾರೆ. ಸ್ಪ್ಯಾನಿಷ್ ಫೋರ್ಕ್‌ನ ರಾಧಾಕೃಷ್ಣ ದೇವಸ್ಥಾನದ ಹೋಳಿ ಹಬ್ಬಕ್ಕೆ ಅವಳ ಗೆಳತಿಯರನ್ನೂ ಕರೆಯಿರಿ. ಬಣ್ಣ ಆಡಲು ಅಲ್ಲಿ ಸೇರುವವರಲ್ಲಿ ಈ ಚರ್ಚಿನ ಕಾಲೇಜು ಮಕ್ಕಳೇ ಎಷ್ಟೋ ಜನ.

ಮಾರ್ಚಿನಲ್ಲಿ ನಿಮ್ಮ ಅತ್ತೆಯವರು ಬರುತ್ತಾರೆ, ಇಂಗ್ಲಿಷ್ ಬಾರದೆ ಮನೆಯಲ್ಲೇ ಕೂರಬೇಕಲ್ಲ ಅಂತ ಕೊನೆಗೆ ಬರೆದಿದ್ದೀರಿ. ಎಷ್ಟೋ ಕಡೆ ಇದೇ ಮಿಷನರಿಗಳು ಚರ್ಚಿನ ಕಟ್ಟಡದಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ಇಂಗ್ಲಿಷ್ ಕನೆಕ್ಟ್ ಅನ್ನುವ ಉಚಿತ ತರಗತಿ ನಡೆಸುತ್ತಾರೆ. ಸದಸ್ಯರಾಗಬೇಕಿಲ್ಲ. ಮುಂದಿನ ಸಲ ಬಾಗಿಲಿಗೆ ಬಂದಾಗ ಹತ್ತಿರದ ತರಗತಿ ಎಲ್ಲಿ, ಯಾವ ಸಂಜೆ ಅಂತ ಅವರನ್ನೇ ಕೇಳಿ. ಮೊದಲ ಎರಡು ವಾರ ನಿಮ್ಮ ಹೆಂಡತಿಯೂ ಜೊತೆಗೆ ಹೋಗಿ ಕೂರಲಿ, ಆಮೇಲೆ ಅತ್ತೆಯವರು ಒಬ್ಬರೇ ಹೋಗಲು ಅಂಜುವುದಿಲ್ಲ.