‘ಒಮ್ಮೆ ಸಿಗೋಣ’ ಅಂದರೆ ಸಾಲದು, ವಾರ ಹೇಳಿ

ವರ್ಗವಾಗಿ ಮೈಸೂರಿಗೆ ಬಂದು ಒಂದೂವರೆ ವರ್ಷವಾಯಿತು, ಕುಕ್ಕರಹಳ್ಳಿ ಕೆರೆಯ ಬಳಿ ದಿನಾ ಹತ್ತು ಜನ ನಮಸ್ಕಾರ ಹೇಳುತ್ತಾರೆ, ಕಷ್ಟಸುಖ ಹೇಳಿಕೊಳ್ಳಲು ಒಬ್ಬರೂ ಇಲ್ಲ. ಧಾರವಾಡದ ಗೆಳತಿಯರೂ ವಾಟ್ಸ್‌ಆ್ಯಪ್ ಗುಂಪಿನ ಶುಭೋದಯಕ್ಕಷ್ಟೇ ಉಳಿದಿದ್ದಾರೆ ಎಂದು ಬರೆದಿದ್ದೀರಿ. ನಲವತ್ತರ ಮೇಲೆ ಸ್ನೇಹ ಹುಟ್ಟುವುದೇ ಇಲ್ಲವೇ ಎಂದು ಕೇಳಿದ್ದೀರಿ.

ಹುಟ್ಟುತ್ತದೆ. ನಿಮ್ಮ ಸ್ವಭಾವದಲ್ಲಿ ಕೊರತೆ ಹುಡುಕಬೇಡಿ, ಕಡಿಮೆ ಬಿದ್ದಿರುವುದು ಗಂಟೆಗಳು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ಒಟ್ಟಿಗೆ ಕೆಲಸ ಮಾಡಿದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಾಸ್ಟೆಲಿನಲ್ಲಿ ಇಷ್ಟು ಹೊತ್ತು ಕೆಲವೇ ತಿಂಗಳಲ್ಲಿ ತಾನಾಗಿ ಕೂಡಿಬಿಡುತ್ತಿತ್ತು. ಕೆರೆಯ ಬಳಿ ದಿನಕ್ಕೆ ಎರಡು ನಿಮಿಷ ಮಾತಾಡಿದರೆ ವರ್ಷಕ್ಕೆ ಆಗುವುದು 12 ಗಂಟೆ.

ಆ ಹತ್ತು ಜನರಲ್ಲಿ ಇಬ್ಬರನ್ನು ಆರಿಸಿಕೊಳ್ಳಿ. ‘ಒಮ್ಮೆ ಮನೆಗೆ ಬನ್ನಿ’ ಎನ್ನಬೇಡಿ. ನಮ್ಮಲ್ಲಿ ಅದು ಬೀಳ್ಕೊಡುವ ಮಾತು, ನಂಬಿ ಯಾರೂ ಬರುವುದಿಲ್ಲ. ‘ಶನಿವಾರ ವಾಕಿಂಗ್ ಮುಗಿಸಿ ಏಳೂವರೆಗೆ ಗೇಟಿನ ಹತ್ತಿರ ಸಿಕ್ತೀರಾ? ಕಾಫಿ ಕುಡಿಯೋಣ, ಅರ್ಧ ಗಂಟೆ ಅಷ್ಟೇ’ ಎನ್ನಿ. ದಿನ, ಹೊತ್ತು, ಜಾಗ, ಎದ್ದು ಹೊರಡುವ ಸಮಯ ಗೊತ್ತಿದ್ದರೆ ಒಪ್ಪುವುದೂ ಸುಲಭ, ಆಗುವುದಿಲ್ಲ ಎನ್ನುವುದೂ ಸುಲಭ. ಆಗಲಿಲ್ಲವೆಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಿ. ಮೂರನೇ ಸಲವೂ ಅವರಾಗಿ ಬೇರೆ ದಿನ ಸೂಚಿಸದಿದ್ದರೆ ಬೇಸರವಿಲ್ಲದೆ ಬಿಟ್ಟುಬಿಡಿ, ನಮಸ್ಕಾರ ಇದ್ದೇ ಇರಲಿ.

ಮೊದಲ ತಿಂಗಳಲ್ಲೇ ಊಟಕ್ಕೆ ಕರೆಯಬೇಡಿ. ಹೋಳಿಗೆ, ಕೋಸಂಬರಿ ಎಲ್ಲ ಮಾಡಿ ಬಡಿಸಿದರೆ, ಅಷ್ಟೇ ಅಡುಗೆ ಮಾಡಿ ತಿರುಗಿ ಕರೆಯಬೇಕಲ್ಲ ಎಂಬ ಸಂಕೋಚಕ್ಕೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಬದಲಿಗೆ ನಿಮ್ಮೂರ ಶೇಂಗಾ ಚಟ್ನಿಪುಡಿ ಒಂದು ಸಣ್ಣ ಡಬ್ಬಿ ಕೊಡಿ. ನಮ್ಮ ಮನೆಗಳಲ್ಲಿ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಹಿತ್ತಲಿನ ಎರಡು ನಿಂಬೆಹಣ್ಣಾದರೂ ಹಾಕಿ ಕೊಡುತ್ತಾರೆ. ಹಾಗೆ ಕೊಟ್ಟು ತೆಗೆದುಕೊಳ್ಳುವುದು ಶುರುವಾಗಲಿ. ಒಳ್ಳೆಯ ಟೈಲರ್ ಯಾರು, ಹಲ್ಲಿನ ಡಾಕ್ಟರ್ ಯಾರು ಎಂದು ನೀವೂ ಕೇಳಿ. ಏನೂ ಬೇಡದವರ ಹತ್ತಿರ ಯಾರೂ ಸುಳಿಯುವುದಿಲ್ಲ. ಅತ್ತೆಗೆ ಕಣ್ಣಿನ ಆಪರೇಷನ್ ಇದೆ ಎಂದು ಅವರು ಹೇಳಿದ್ದರೆ ತಾರೀಕನ್ನು ಫೋನಿನಲ್ಲಿ ಗುರುತಿಟ್ಟುಕೊಂಡು ಮಾರನೇ ದಿನ ವಿಚಾರಿಸಿ.

ಧಾರವಾಡದವರ ವಿಷಯಕ್ಕೆ ಬಂದರೆ, ಗುಂಪಿಗೆ ಬರೆದದ್ದು ಯಾರಿಗೂ ಬರೆದಂತಲ್ಲ. ಒಬ್ಬರಿಗೆ ಫೋನ್ ಮಾಡಿ. ಇಷ್ಟು ವರ್ಷ ಮಾಡದ್ದಕ್ಕೆ ಕಾರಣ ಹೇಳುತ್ತ ಕೂರಬೇಡಿ, ‘ನಿನ್ನ ನೆನಪಾತು, ಮಾಡಿದೆ’ ಸಾಕು. ಇಡುವ ಮೊದಲು ಮುಂದಿನ ಮಾತಿಗೆ ದಿನ ಗೊತ್ತುಮಾಡಿ: ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಮೂರಕ್ಕೆ. ದಸರೆಗೆ ಅವರನ್ನು ಮೈಸೂರಿಗೆ ಕರೆಸಿಕೊಳ್ಳಿ, ಶನಿವಾರದ ಕಾಫಿಗೂ ಕರೆದುಕೊಂಡು ಹೋಗಿ.

– ಸಂ.