ಗ್ಯಾರೇಜ್ ಕಟ್ಟೆ: ಹೊಗೆ ಉಗುಳುವ ಜೀಪಿಗೆ ಏನು ಮದ್ದು?

ಪ್ರಶ್ನೆ: ನಮ್ಮದು 1996ರ ಮಹೀಂದ್ರಾ ಡೀಸೆಲ್ ಜೀಪು. ನಾಪೋಕ್ಲು ಕಡೆಯ ಕಾಫಿ ತೋಟದೊಳಗೇ ಓಡಾಟ. ಈಗ ರಿಜಿಸ್ಟ್ರೇಷನ್ ನವೀಕರಣಕ್ಕೆ ಮಡಿಕೇರಿಗೆ ಒಯ್ಯಬೇಕು, ಆದರೆ ಎಮಿಷನ್ ಟೆಸ್ಟಿನಲ್ಲಿ ಎರಡು ಸಲ ಫೇಲ್. ಯಂತ್ರ 79 ಎಂದು ತೋರಿಸಿತು. ಒಬ್ಬರು ಇಂಜಿನ್‌ಗೆ ಡೀಸೆಲ್ ಕೊಡುವ ಪಂಪೇ ಬದಲಿಸಿ ಅಂತಾರೆ, ಇನ್ನೊಬ್ಬರು ಟ್ಯಾಂಕಿಗೆ ಎರಡು ಲೀಟರ್ ಸೀಮೆಎಣ್ಣೆ ಹಾಕಿ ಅಂತಾರೆ. ಏನು ಮಾಡಲಿ?

ಉತ್ತರ: ಪಂಪಿಗೆ ಈಗಲೇ ಕೈ ಹಾಕಿಸಬೇಡಿ. ಸೀಮೆಎಣ್ಣೆ ಹೇಳಿದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ಪಂಪಿನ ಒಳಭಾಗಗಳು ಸವೆಯದಂತೆ ಕಾಯುವುದು ಡೀಸೆಲಿನ ಜಿಡ್ಡೇ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಇವತ್ತು ಪಾಸಾಗಿ ಮುಂದಿನ ಮಳೆಗಾಲಕ್ಕೆ ಪಂಪು ಕೂತರೆ ಯಾರಿಗೆ ಲಾಭ?

ಹೊಗೆಯ ಬಣ್ಣ ನೀವು ಬರೆದಿಲ್ಲ, ಕಪ್ಪೇ ಇರಬೇಕು. ನೀಲಿಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ, ಅದು ರಿಂಗು, ಬೋರಿನ ಖರ್ಚು. ಕಪ್ಪಾದರೆ ಸುಡಲು ಗಾಳಿ ಸಾಲದೆ ಮಸಿಯಾಗಿ ಬರುವ ಡೀಸೆಲ್. ನಮ್ಮೂರಲ್ಲಿ ಗಾಳಿ ಮೊದಲೇ ಕಡಿಮೆ. ಮಡಿಕೇರಿ ಇರುವುದು ಸುಮಾರು 3,800 ಅಡಿ ಎತ್ತರದಲ್ಲಿ. ಮಂಗಳೂರಿಗೆ ಹೋಲಿಸಿದರೆ ಗಾಳಿ ಹತ್ತರಲ್ಲಿ ಒಂದು ಪಾಲಾದರೂ ತೆಳು. ಹಳೇ ಜೀಪಿನ ಪಂಪಿಗೆ ಅದೆಲ್ಲಿ ಗೊತ್ತಾಗಬೇಕು? ಕೆಳಗೆ ಎಷ್ಟು ಡೀಸೆಲ್ ಕೊಡುತ್ತಿತ್ತೋ ಮೇಲೂ ಅಷ್ಟೇ ಸುರಿಯುತ್ತದೆ. ಅದರ ಮೇಲೆ ಏರ್ ಕ್ಲೀನರೂ ಕಟ್ಟಿಕೊಂಡರೆ ಮುಗಿಯಿತು.

ಹೋದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಇಂಥದ್ದೇ ಒಂದು ಜೀಪು ನನ್ನಲ್ಲಿಗೆ ಬಂತು. ಏರ್ ಕ್ಲೀನರಿನ ಕೆಳಗಿನ ಬಟ್ಟಲು ಬಿಚ್ಚಿದೆ. ಎಣ್ಣೆ ಇರಬೇಕಾದಲ್ಲಿ ಆರಿದ ರಾಗಿ ಅಂಬಲಿಯಂಥ ಮುದ್ದೆ, ಬೆರಳಿಟ್ಟರೆ ಗುಳಿ ಹಾಗೇ ನಿಲ್ಲುತ್ತಿತ್ತು. ಕಣದ ಧೂಳು, ಕಾಫಿ ಸಿಪ್ಪೆಯ ಪುಡಿ ಎಲ್ಲ ಅದರಲ್ಲೇ. ಗಾಳಿ ಎಳೆಯುವ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು, ಎರಡು ಬೆರಳುದ್ದ. ಮಳೆಗಾಲವಿಡೀ ಶೆಡ್ಡಲ್ಲಿ ನಿಂತ ಗಾಡಿಯಲ್ಲವಾ! ಬಟ್ಟಲು, ಜಾಳಿಗೆ ಎರಡನ್ನೂ ಡೀಸೆಲಿನಲ್ಲಿ ತೊಳೆದು, ಒಣಗಿಸಿ, ಗುರುತಿನವರೆಗೆ ಹೊಸ ಆಯಿಲ್ ಹಾಕಿದೆ. ಗುರುತು ದಾಟಿ ಹಾಕಬಾರದು, ಇಂಜಿನ್ ಅದನ್ನೇ ಹೀರಿ ನೀಲಿ ಹೊಗೆ ಬಿಡುತ್ತದೆ. ಆ ಗಾಡಿಗೆ ಬೇರೇನೂ ಮಾಡಲಿಲ್ಲ. ಮಾಲೀಕರು ಬಿಲ್ ನೋಡಿ, 'ಇಷ್ಟೇನಾ?' ಅಂತ ಎರಡು ಸಲ ಕೇಳಿದರು.

ನಿಮ್ಮದು ಅಷ್ಟಕ್ಕೇ ಸರಿಹೋಗದಿದ್ದರೆ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಬಿಚ್ಚಿಸಿ ಟೆಸ್ಟರಿಗೆ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿ. ತಲಕಾವೇರಿಯ ಮಂಜಿನ ಹಾಗೆ ನುಣ್ಣಗೆ ಚಿಮ್ಮಬೇಕು. ದಾರದಂತೆ ಬಂದರೆ, ಕೊನೆಗೆ ತುದಿಯಲ್ಲಿ ಒಂದು ಹನಿ ತೊಟ್ಟಿಕ್ಕಿದರೆ, ಆ ನಾಝಲ್ ಬದಲಿಸಲೇಬೇಕು. ಪಂಪಿನ ಸರದಿ ಇದೆಲ್ಲ ಆದ ಮೇಲೆ. ಅದರ ಸೀಲ್ ಒಡೆದಿದೆಯಾ ನೋಡಿ. ಮೂಟೆ ಹೇರಿಕೊಂಡು ಏರು ಹತ್ತಲು ಎಳೆತ ಸಾಲದು ಅಂತ ಯಾವುದೋ ಕಾಲದಲ್ಲಿ ಯಾರೋ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿರುತ್ತಾರೆ. ಹಾಗಿದ್ದರೂ ಹೊಸ ಪಂಪು ಬೇಡ, ಪಂಪ್ ರಿಪೇರಿಯವರ ಬೆಂಚಿನ ಮೇಲೆ ಕ್ಯಾಲಿಬ್ರೇಷನ್, ಅಂದರೆ ಡೀಸೆಲ್ ಅಳತೆ ಸರಿ, ಮಾಡಿಸಿದರೆ ಸಾಕು.

ಇನ್ನು ಟೆಸ್ಟಿನ ದಿನ. ನಿಮ್ಮ ಜೀಪು ಮನೆಯಿಂದ ಕಣಕ್ಕೆ, ಕಣದಿಂದ ಕೆಲಸದವರ ಲೈನ್ ಮನೆಗೆ, ಎರಡನೇ ಗೇರಿನಲ್ಲೇ ಬದುಕುವ ಪ್ರಾಣಿ. ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಸೈಲೆನ್ಸರ್ ತುಂಬಾ ಮಸಿ. ಡೀಸೆಲ್ ಗಾಡಿಯ ಟೆಸ್ಟಿನಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಕೂಡಿಟ್ಟ ಮಸಿಯೆಲ್ಲ ಆಗಲೇ ಯಂತ್ರದ ಬಾಯಿಗೆ ಹೋಗುತ್ತದೆ. ಅದಕ್ಕೇ ಮೂರ್ನಾಡು ದಾಟಿ ಮೇಕೇರಿ ಏರನ್ನು ಸ್ವಲ್ಪ ಭಾರ ಹೇರಿಕೊಂಡು ಚೆನ್ನಾಗಿ ಎಳೆಸಿ ಹತ್ತಿಸಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ತಲುಪಿದ ಮೇಲೆ ಇಂಜಿನ್ ಆಫ್ ಮಾಡಿ ಟೀ ಕುಡಿಯಲು ಹೋಗಬೇಡಿ, ಬಿಸಿಯಿರುವಾಗಲೇ ಟೆಸ್ಟ್ ಆಗಲಿ. ಒಂದು ಸೆಂಟರಿನಲ್ಲಿ ನನ್ನ ಸ್ವಂತ ಗಾಡಿಯನ್ನೇ ಕರೆಂಟ್ ಇಲ್ಲ ಅಂತ ಮುಕ್ಕಾಲು ಗಂಟೆ ನಿಲ್ಲಿಸಿ, ತಣ್ಣಗಾದ ಮೇಲೆ ಪೈಪು ತುರುಕಿ ಫೇಲ್ ಮಾಡಿದ್ದರು. ಜಗಳ ಆಡಿ ಪ್ರಯೋಜನವಾಗಲಿಲ್ಲ, ಒಂದು ಸುತ್ತು ಓಡಿಸಿಕೊಂಡು ಬಂದೆ, ಪಾಸಾಯಿತು.

ಕಂಪ್ಯೂಟರಿನಲ್ಲಿ ಏನು ಒತ್ತುತ್ತಾರೆ ಅಂತಲೂ ಕಣ್ಣಿಡಿ. ನಿಮ್ಮ ಯಂತ್ರ ತೋರಿಸಿದ 79 ಹಾರ್ಟ್ರಿಜ್ ಲೆಕ್ಕ, ಅಂದರೆ ಹೊಗೆ ಎಷ್ಟು ದಟ್ಟ ಅನ್ನುವ ಅಳತೆ. ನಿಮ್ಮ ಜೀಪಿಗೆ ಮಿತಿ 65. 50ರ ಮಿತಿ ಆಮೇಲೆ ಬಂದ ಬಿಎಸ್-4 ಹೊಗೆ ನಿಯಮದ ಗಾಡಿಗಳದ್ದು. ಆರ್‌ಸಿ ತೋರಿಸಿ. ಗಾಡಿ ತಾರದೆಯೇ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರ ಸಹವಾಸ ಬೇಡ. ಕಾಗದ ಕೈಯಲ್ಲಿದ್ದರೂ ರಸ್ತೆಯಲ್ಲಿ ಹೊಗೆ ಕಂಡರೆ ಅಧಿಕಾರಿ ಮತ್ತೆ ತಪಾಸಣೆಗೆ ಕಳಿಸಬಹುದು. ದಂಡ 10,000 ರೂಪಾಯಿವರೆಗೂ ಹೋಗುತ್ತದೆ.

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮ 1997ರ ಮಾರುತಿ 800 ಕಾರಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ. 4.1 ಬಂತು. ಇಂಜಿನ್ ಕೆಲಸ ಮಾಡಿಸಬೇಕೆ?

ಉತ್ತರ: ಬೇಡ. ನಿಮ್ಮ ಕಾರಿಗೆ ಮಿತಿ ಶೇ. 3. ಮೊದಲು ಚೋಕ್ ನೋಡಿ. ಡಿಸೆಂಬರ್ ಚಳಿಗೆ ಎಳೆದ ಚೋಕ್, ಗುಂಡಿ ಒಳಗೆ ಹೋದರೂ ಕೇಬಲ್ ತುಕ್ಕು ಹಿಡಿದು ಕಾರ್ಬುರೇಟರಿನಲ್ಲಿ ಅರ್ಧ ಮುಚ್ಚಿಯೇ ಇರುತ್ತದೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಬಗ್ಗಿ ನೋಡಿದರೆ ಕಾಣುತ್ತದೆ. ಫಿಲ್ಟರ್ ಹೊಸದು ಹಾಕಿ. ಆಮೇಲೆ ಬೇಕಿದ್ದರೆ ಐಡ್ಲಿಂಗ್ ಮಿಶ್ರಣದ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಗೆ ತಿರುಗಿಸಿ, ಮೀಟರ್ ನೋಡುತ್ತಲೇ. ಆಸೆಬಿದ್ದು ಜಾಸ್ತಿ ತಿರುಗಿಸಿದರೆ ಇಂಜಿನ್ ಮಿಸ್ ಹೊಡೆದು ಎಚ್‌ಸಿ, ಅಂದರೆ ಸುಡದೆ ಉಳಿದ ಪೆಟ್ರೋಲಿನ ಅಂಶ, ಏರುತ್ತದೆ, ಅದರ ಮಿತಿ 1,500 ಪಿಪಿಎಂ (ಹತ್ತು ಲಕ್ಷದಲ್ಲಿ 1,500 ಪಾಲು).

ಪ್ರಶ್ನೆ: ಅಜ್ಜನ ಟೂ ಸ್ಟ್ರೋಕ್ ಬಜಾಜ್ ಚೇತಕ್ ಇಟ್ಟುಕೊಂಡಿದ್ದೇನೆ. ಇಂಜಿನ್ ಬಾಳಲಿ ಅಂತ ಲೀಟರಿಗೆ 50 ಮಿಲಿ ಆಯಿಲ್ ಹಾಕುತ್ತೇನೆ. ವಿರಾಜಪೇಟೆಯಲ್ಲಿ ಟೆಸ್ಟಿಗೆ ಒಯ್ದರೆ ಮುಖ ಸಿಂಡರಿಸುತ್ತಾರೆ.

ಉತ್ತರ: ಸಿಂಡರಿಸದೆ ಇನ್ನೇನು! ಲೀಟರಿಗೆ 20 ಮಿಲಿ ಸಾಕು. ಸೈಲೆನ್ಸರ್ ಬಿಚ್ಚಿ ಒಳಗಿನ ಕರಿ ತೆಗೆಸಿ, ಪ್ಲಗ್ ಬದಲಿಸಿ. ಆಯಿಲ್ ಕಣ್ಣಳತೆಯಲ್ಲಿ ಸುರಿಯಬೇಡಿ, ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆಯಿರುವ ಮುಚ್ಚಳ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.