ರಸ್ತೆ ಸುಧಾರಿಸಿತು, ಮೈಲೇಜ್ ಕುಸಿಯಿತು

ಪ್ರಶ್ನೆ: ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ. 2021ರಲ್ಲಿ ಕೊಂಡ ಪೆಟ್ರೋಲ್ ಕಾರು. ಮೊದಲು ಲೀಟರಿಗೆ 18 ಕಿ.ಮೀ. ಸಿಗುತ್ತಿತ್ತು, ಈಗ 14 ಸಿಕ್ಕರೆ ಹೆಚ್ಚು. ಸರ್ವೀಸ್‌ನವರು ಎಂಜಿನ್‌ನಲ್ಲಿ ದೋಷವಿಲ್ಲ ಎನ್ನುತ್ತಾರೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕು, ಎಸಿ ಆರಿಸು ಎಂಬುದು ಸ್ನೇಹಿತರ ಸಲಹೆ. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಎಷ್ಟು ವೇಗದಲ್ಲಿ ಹೋಗುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ನನಗೆ ಅನುಮಾನವಿರುವುದು ಅಲ್ಲೇ. ನೀವು ಕಾರು ಕೊಂಡಾಗ ಹೆದ್ದಾರಿಯ ಕಾಮಗಾರಿ ನಡೆಯುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಹಿಂದೆ, ಮಣ್ಣು ರಾಶಿಗಳ ಪಕ್ಕದಲ್ಲಿ ಅರವತ್ತು, ಎಪ್ಪತ್ತು ದಾಟುವುದೇ ಕಷ್ಟವಾಗಿತ್ತು. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳು ಸರ್ವೀಸ್ ರಸ್ತೆಗೆ ಇಳಿದವು. ಈಗ ಗಂಟೆಗೆ 100 ಕಿ.ಮೀ. ಮಿತಿ ಇದೆ, ಎಲ್ಲರ ಮುಳ್ಳೂ ಅಲ್ಲೇ ನಿಂತಿರುತ್ತದೆ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ, ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕಿಂತ ಜಾಸ್ತಿ. ಇದರಿಂದ ಉಳಿಯುವ ಸಮಯ ಎಷ್ಟು? ನಿಮ್ಮ ದಾರಿಯಲ್ಲಿ ಹೆದ್ದಾರಿ 35 ಕಿ.ಮೀ. ಎಂದುಕೊಳ್ಳೋಣ. 100ರಲ್ಲಿ 21 ನಿಮಿಷ, 80ರಲ್ಲಿ 26 ನಿಮಿಷ ಚಿಲ್ಲರೆ. ಆ ಐದು ನಿಮಿಷವನ್ನು ಮೈಸೂರಿನ ರಿಂಗ್ ರಸ್ತೆಯ ಮೊದಲೆರಡು ಸಿಗ್ನಲ್‌ಗಳೇ ನುಂಗಿಬಿಡುತ್ತವೆ. ಎಡಪಥದಲ್ಲಿ 80ಕ್ಕೆ ಕಟ್ಟಿಹಾಕಿ ನೋಡಿ. ಮೈಲೇಜ್ 14ರಿಂದ 17ಕ್ಕೆ ಏರಿದರೆ, ದಿನಕ್ಕೆ 90 ಕಿ.ಮೀ.ಯಂತೆ 25 ದಿನಕ್ಕೆ ಸುಮಾರು 28 ಲೀಟರ್ ಉಳಿಯುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,800 ರೂಪಾಯಿ.

ಎಲ್ಲ ತಪ್ಪೂ ನಿಮ್ಮ ಬಲಗಾಲಿನದೇ ಅಲ್ಲ. ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ ಕಬ್ಬು ಮುಂತಾದವುಗಳಿಂದ ತಯಾರಿಸುವ ಎಥೆನಾಲ್ ಶೇ 20ರವರೆಗೆ ಇರುತ್ತದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ 18 ಮತ್ತೆ ಪೂರ್ತಿ ಕೈಗೆ ಬರಲಿಕ್ಕಿಲ್ಲ. ಕಬ್ಬು ಬೆಳೆಯುವ ಮಂಡ್ಯದವರು ಇದಕ್ಕೆ ತೀರಾ ಬೇಸರಪಡಬಾರದು!

ಇನ್ನು ನ್ಯೂಟ್ರಲ್. ಇದು ಕಾರ್ಬುರೇಟರ್ ಕಾಲದ ಬುದ್ಧಿವಾದ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಸುಡಲೇಬೇಕು. ಅಂದರೆ ಸ್ನೇಹಿತರ ಸಲಹೆಯಿಂದ ಖರ್ಚು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಚಾಮುಂಡಿ ಬೆಟ್ಟದಿಂದ ನ್ಯೂಟ್ರಲ್‌ನಲ್ಲಿ ಇಳಿಯುವವರ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿತ ಸಡಿಲವಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರ್‌ನಲ್ಲೇ ಇಳಿಯಿರಿ.

ಊರೊಳಗೂ ಇದೇ ಗುಣವನ್ನು ಬಳಸಿಕೊಳ್ಳಬಹುದು. ರಿಂಗ್ ರಸ್ತೆಯಲ್ಲಿ ಮುಂದಿನ ಕೆಂಪು ದೀಪ ದೂರದಿಂದಲೇ ಕಾಣುತ್ತದೆ. ಆದರೂ ಅನೇಕರು ಅಲ್ಲಿಯವರೆಗೆ ವೇಗ ಏರಿಸುತ್ತಲೇ ಹೋಗಿ ಕೊನೆಯಲ್ಲಿ ಬ್ರೇಕ್ ತುಳಿಯುತ್ತಾರೆ. ದುಡ್ಡು ಕೊಟ್ಟು ಪಡೆದ ವೇಗವನ್ನು ಬ್ರೇಕ್ ಪ್ಯಾಡ್‌ನಲ್ಲಿ ಬಿಸಿ ಮಾಡಿ ಗಾಳಿಗೆ ಬಿಟ್ಟಂತೆ. ದೀಪ ಕಂಡೊಡನೆ ಕಾಲು ತೆಗೆಯಿರಿ, ಕಾರು ಗೇರ್‌ನಲ್ಲೇ ನಿಧಾನವಾಗಲಿ. ಹತ್ತಿರ ಬರುವಷ್ಟರಲ್ಲಿ ಹಸಿರಾದರೆ ನಿಲ್ಲದೆಯೇ ಸಾಗಬಹುದು. ಹಿಂದಿನವರು ಹಾರ್ನ್ ಮಾಡುತ್ತಾರೆ, ಮಾಡಲಿ.

ಎಸಿ ವಿಷಯ: ಹೆದ್ದಾರಿಯಲ್ಲಿ ಕಿಟಕಿ ಇಳಿಸಿದರೆ ಗಾಳಿಯ ತಡೆ ಇನ್ನಷ್ಟು ಹೆಚ್ಚುತ್ತದೆ. ಅಲ್ಲಿ ಕಿಟಕಿ ಮುಚ್ಚಿ ಎಸಿ ಹದವಾಗಿ ಹಾಕಿಕೊಳ್ಳಿ. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ಸಾಕು. ಟೈರ್‌ಗೆ ‘ಮೂವತ್ತು ಹಾಕಿ’ ಎಂದು ಅಂದಾಜಿನಲ್ಲಿ ಹೇಳಬೇಡಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿರುವ ಅಂಕಿಯೇ ಸರಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ.

ಪ್ರಶ್ನೆ: ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಸ್ಕೂಟರ್‌ನಲ್ಲಿ ಓಡಾಡುತ್ತೇನೆ. ಸಿಗ್ನಲ್‌ನಲ್ಲಿ ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಮಾಡಲು ಹೆಚ್ಚು ಪೆಟ್ರೋಲ್ ಬೇಕು ಎನ್ನುತ್ತಾರೆ ನಮ್ಮ ಯಜಮಾನರು. ನಿಜವೇ?
– ಓದುಗರು, ಮೈಸೂರು

ಉತ್ತರ: ನಿಮ್ಮ ಸ್ಕೂಟರ್ 2020ರ ಏಪ್ರಿಲ್ ನಂತರದ್ದು, ಅಂದರೆ ಹೊಗೆ ನಿಯಂತ್ರಣದ ಬಿಎಸ್-6 ಮಾನದಂಡದ್ದು ಆಗಿದ್ದರೆ ನಿಜವಲ್ಲ. ಸಿಗ್ನಲ್‌ನ ಅಂಕಿ ಇಪ್ಪತ್ತಕ್ಕಿಂತ ಮೇಲಿದ್ದರೆ ನಿಶ್ಚಿಂತೆಯಿಂದ ಆರಿಸಿ. ಬ್ಯಾಟರಿ ಹಳೆಯದಾಗಿ ಸ್ಟಾರ್ಟ್ ಆಗಲು ಗೊಣಗುತ್ತಿದ್ದರೆ ಮಾತ್ರ ಮೊದಲು ಅದನ್ನು ನೋಡಿಸಿ.

ನೀವು ಕೇಳದಿದ್ದರೂ ಒಂದು ಮಾತು. ಸಂತೆಪೇಟೆಯಂಥ ದಟ್ಟಣೆಯಲ್ಲಿ ಎಡಗೈ ಬೆರಳುಗಳು ಬ್ರೇಕ್ ಮೇಲೆಯೇ ಇರುತ್ತವೆ, ಅರಿವಿಲ್ಲದೆ ಒತ್ತುತ್ತಲೂ ಇರುತ್ತವೆ. ಅತ್ತ ಬಲಗೈ ಆಕ್ಸಿಲರೇಟರ್ ತಿರುಗಿಸುತ್ತಿರುತ್ತದೆ. ಅಲ್ಲಿ ಪೆಟ್ರೋಲ್ ವ್ಯರ್ಥ. ಬೆರಳು ತೆಗೆದರೂ ಬ್ರೇಕ್ ಹಿಡಿದೇ ಇದೆಯೇ ಎಂದು ತಿಳಿಯಲು, ಮನೆಯಲ್ಲಿ ಎಂಜಿನ್ ಆರಿಸಿ, ನಡು ಸ್ಟ್ಯಾಂಡ್ ಹಾಕಿ, ಹಿಂಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸರಾಗವಾಗಿ ತಿರುಗದೆ ಕರಕರ ಸದ್ದು ಮಾಡಿ ನಿಂತರೆ ಬ್ರೇಕ್ ಬಿಗಿಯಾಗಿದೆ ಎಂದರ್ಥ. ನಟ್ ಸಡಿಲಿಸುವ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡಿ. ಹೆಚ್ಚು ಸಡಿಲಿಸಿದರೆ ಬ್ರೇಕ್ ಹಿಡಿಯುವುದಿಲ್ಲ.